ಬಯಲಿನ ಬೆಳಕಿನಲ್ಲಿ ಮುಖದ ಚಿತ್ರ

ಮಾನ್ವಿಯ ಹತ್ತಿರ ಕಾಲುವೆಯ ದಂಡೆಯ ಮೇಲೆ ಒಮ್ಮೆ ಒಬ್ಬ ಮುದುಕರ ಚಿತ್ರವನ್ನು ತೆಗೆದೆನು. ಬೇಸಗೆಯ ನಡುಹಗಲು, ತಲೆಯ ಮೇಲೆ ಬಿಳಿಯ ರುಮಾಲು, ಮೈಮೇಲೆ ಬಿಳಿಯ ಅಂಗಿ. ಮನೆಗೆ ಬಂದು ನೋಡಿದರೆ ರುಮಾಲಿನ ಒಂದೊಂದು ಮಡಿಕೆಯೂ ಸ್ಪಷ್ಟವಾಗಿತ್ತು. ಕಣ್ಣುಗಳಿರಬೇಕಾದಲ್ಲಿ ಎರಡು ಕಪ್ಪು ಗುಳಿಗಳಿದ್ದುವು. ಮರುವರ್ಷ ಅವರು ತೀರಿಕೊಂಡಾಗ ಗೋಡೆಗೆ ಹಾಕಲು ಮನೆಯವರು ಕೇಳಿದುದು ಆ ಚಿತ್ರವನ್ನೇ. ಬೇರೊಂದಿರಲಿಲ್ಲ. ತಪ್ಪು ನನ್ನದು, ಯಂತ್ರದ್ದಲ್ಲ. ಅದರ ಕಾರಣವನ್ನು ಅರಿತರೆ ನೀವು ಕೈಯಲ್ಲಿರುವ ಮೊಬೈಲಿನಿಂದಲೇ ಅದನ್ನು ತಪ್ಪಿಸಬಹುದು.

ರಾಯಚೂರು ಉತ್ತರ ಅಕ್ಷಾಂಶ ೧೬ ಡಿಗ್ರಿಯ ಸಮೀಪದಲ್ಲಿದೆ. ಆದುದರಿಂದ ಮೇ ೫ ಮತ್ತು ಆಗಸ್ಟ್ ೮ರ ಸುಮಾರಿಗೆ ಸೂರ್ಯನು ಇಲ್ಲಿ ನಡುನೆತ್ತಿಗೇ ಬರುತ್ತಾನೆ. ದೇವದುರ್ಗ, ಮಾನ್ವಿಗಳಲ್ಲಿ ಒಂದೆರಡು ದಿನ ಹಿಂದುಮುಂದು. (ಗಡಿಯಾರದ ಹನ್ನೆರಡಕ್ಕಲ್ಲ, ೧೨ ಗಂಟೆ ೨೦ ನಿಮಿಷದ ಹೊತ್ತಿಗೆ. ಭಾರತದ ವೇಳೆಯು ೮೨½ ಡಿಗ್ರಿ ರೇಖಾಂಶದ್ದು. ರಾಯಚೂರು ಅದಕ್ಕಿಂತ ಪಶ್ಚಿಮದಲ್ಲಿದೆ.) ಆಗ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಆಕಾಶದಲ್ಲಿ ಸೂರ್ಯಬಿಂಬದ ಅಗಲ ಅರ್ಧ ಡಿಗ್ರಿ ಮಾತ್ರವಾದುದರಿಂದ ಆ ನೆರಳಿನ ಅಂಚು ಕತ್ತರಿಸಿದಂತಿರುತ್ತದೆ. ಕೆಳಗಿನಿಂದಲಾದರೂ ಬೆಳಕು ಚಿಮ್ಮೀತೆಂದರೆ, ಈ ಸೀಮೆಯ ಎರೆಮಣ್ಣು ತನ್ನ ಮೇಲೆ ಬಿದ್ದುದನ್ನೆಲ್ಲ ನುಂಗಿಬಿಡುತ್ತದೆ.

ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಮುಖ ಯಾವುದು, ಬಟ್ಟೆ ಯಾವುದು ಎಂಬ ಭೇದ ತಾನಾಗಿ ತಿಳಿಯದು. ಕಂಡುದೆಲ್ಲವನ್ನೂ ನಡುವಣ ಬೂದುಬಣ್ಣವೆಂದೆಣಿಸಿ ಅದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಬಿಳಿಯ ಬಟ್ಟೆಯಿದ್ದರೆ ಬೆಳಕು ಹೆಚ್ಚಾಯಿತೆಂದು ತಿಳಿದು ಒಟ್ಟು ಚಿತ್ರವನ್ನೇ ಕಪ್ಪಿಡುತ್ತದೆ. ನಮ್ಮ ಜನರ ಕಪ್ಪು ಮೈಬಣ್ಣಕ್ಕೆ ಇದರಿಂದ ಹೆಚ್ಚಿನ ಅನ್ಯಾಯ. ಇಂದಿನ ಮೊಬೈಲುಗಳು ಮುಖವನ್ನು ಗುರುತಿಸಬಲ್ಲವಾದರೂ, ಪರದೆಯಲ್ಲಿ ಕೆನ್ನೆಯ ಮೇಲೆ ಬೆರಳಿಟ್ಟು ಅಲ್ಲಿಂದಲೇ ಅಳತೆ ತೆಗೆಯುವುದು ಲೇಸು.

ಇನ್ನು ಸ್ಥಳ. ಸೂರ್ಯನನ್ನು ಬಿಟ್ಟು ಆಕಾಶವನ್ನು ದೀಪವಾಗಿ ಮಾಡಿಕೊಳ್ಳಿರಿ. ರಾಯಚೂರಿನ ಕೋಟೆಯ ಗೋಡೆ ಇದಕ್ಕೆ ಅನುಕೂಲ: ಅಪರಾಹ್ನದಲ್ಲಿ ಅದರ ಪೂರ್ವದ ಬದಿಗೆ ನೆರಳು, ಮುಂದೆ ತೆರೆದ ಬಾನು. ೧೨೯೪ರಲ್ಲಿ ಕಟ್ಟಿದವರು ಇದನ್ನು ಎಣಿಸಿರಲಾರರು! ವಿಶಾಲವಾದ ಬಾನಿನ ಬೆಳಕು ಎಲ್ಲ ದಿಕ್ಕಿನಿಂದಲೂ ಬಂದು ನೆರಳುಗಳನ್ನು ಮೃದುವಾಗಿಸುತ್ತದೆ. ಗಾಳಿಯ ಕಣಗಳು ನೀಲಿಯನ್ನೇ ಹೆಚ್ಚಾಗಿ ಚದರಿಸುತ್ತವೆಂದು ೧೮೭೧ರಲ್ಲಿ ರ‍್ಯಾಲೆ ತೋರಿಸಿದನು. ಆದಕಾರಣ ಅಂಥ ನೆರಳಿನಲ್ಲಿ ಮುಖಕ್ಕೆ ನೀಲಿಯ ಛಾಯೆ ಬರಬಹುದು. ಎದುರಿಗೆ ಬಿಸಿಲು ಬಿದ್ದ ಸುಣ್ಣದ ಗೋಡೆಯಿದ್ದರೆ ಅದು ಸರಿಹೋಗುತ್ತದೆ. ತೆಳುವಾದ ಬೇವಿನ ನೆರಳು ಮಾತ್ರ ಬೇಡ. ಎಲೆಗಳ ಸಂದಿನಿಂದ ಬೀಳುವ ದುಂಡು ಚುಕ್ಕೆಗಳೆಲ್ಲ ಸೂರ್ಯನ ಬಿಂಬಗಳೇ. ಕೆನ್ನೆಯ ಮೇಲೆ ಅವು ತೊನ್ನಿನಂತೆ ಕಾಣುತ್ತವೆ.

ತೀರ ಹತ್ತಿರಕ್ಕೂ ಹೋಗಬಾರದು. ಮೂಗಿನ ತುದಿಯಿಂದ ಕಿವಿಗೆ ೧೨ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ೪೦ ಸೆಂಟಿಮೀಟರ್ ದೂರದಿಂದ ತೆಗೆದರೆ ಕಿವಿಯ ಪ್ರಮಾಣಕ್ಕೆ ಮೂಗು ನೂರಕ್ಕೆ ೩೦ರಷ್ಟು ಉಬ್ಬುತ್ತದೆ. ೨ ಮೀಟರಿನಿಂದಾದರೆ ೬ರಷ್ಟು ಮಾತ್ರ.

ಕಡೆಯದು, ಎಲ್ಲಕ್ಕಿಂತ ಕಷ್ಟದ್ದು: ಫೋಟೋ ಎಂದೊಡನೆ ನಮ್ಮವರು ಉಸಿರು ಬಿಗಿಹಿಡಿದು ನಿಲ್ಲುವರು. ಒಪ್ಪಿಗೆ ಕೇಳಿ ಮೊದಲು ಆ ಚಿತ್ರವನ್ನೂ ತೆಗೆಯಿರಿ, ಅವರಿಗೆ ಬೇಕಾದುದು ಅದೇ. ಆಮೇಲೆ, "ತಾತಾ, ಈ ಸಲ ಹತ್ತಿ ಹ್ಯಾಂಗ ಅದರೀ?" ಎಂದು ಕೇಳಿ ಸುಮ್ಮನಿರಿ. ಸಾಮಾನ್ಯ ಜನರ ಬಾಳನ್ನು ಚಿತ್ರಿಸಿ ಹೆಸರಾದ ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರ ಚಿತ್ರಗಳನ್ನು ನೋಡಿದರೆ, ಜನರು ಕ್ಯಾಮೆರಾವನ್ನು ಮರೆತಿರುವುದು ಕಾಣುತ್ತದೆ.

ಆ ಮುದುಕರ ತಮ್ಮನ ಚಿತ್ರವನ್ನು ಅನಂತರ ಅದೇ ಮನೆಯ ಪಡಸಾಲೆಯ ಅಂಚಿನಲ್ಲಿ, ಸಂಜೆ ನಾಲ್ಕೂವರೆಗೆ, ಕೆನ್ನೆಯಿಂದ ಅಳತೆ ತೆಗೆದುಕೊಂಡು ತೆಗೆದೆನು. ರುಮಾಲಿನ ಮಡಿಕೆಗಳು ಅರ್ಧ ಅಳಿಸಿಹೋಗಿವೆ. ಕಣ್ಣುಗಳು ಕಾಣುತ್ತವೆ.