ಲ್ಯಾಪ್‌ಟಾಪ್ ತುಂಬಿದೆ: ತೆಗೆಯುವುದು ಯಾವುದು, ಇಡುವುದು ಯಾವುದು?



ಶಾಲೆಯ ಲ್ಯಾಪ್‌ಟಾಪಿನಲ್ಲಿ ‘ದಿಸ್ ಪಿಸಿ’ ತೆರೆದು ನೋಡಿರಿ. ಸಿ ಡ್ರೈವ್ ಹೆಸರಿನ ಕೆಳಗೆ ಒಂದು ಪಟ್ಟಿ ಇರುತ್ತದೆ. ಅದು ನೀಲಿ ಇದ್ದರೆ ಚಿಂತೆ ಇಲ್ಲ. ಕೆಂಪಾಗಿದ್ದರೆ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗ ಉಳಿದಿದೆ ಎಂದು ಅರ್ಥ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಕಾಗದಪತ್ರ ಸ್ಕ್ಯಾನ್ ಮಾಡಿ ಉಳಿಸಲು ಹೋದಾಗ ‘ಜಾಗ ಇಲ್ಲ’ ಅಂತ ಬಂದರೆ ಗಡಿಬಿಡಿಯಾಗುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸುತ್ತೇವೆ. ಆಮೇಲೆ ‘ಅದು ಬೇಕಾಗಿತ್ರಿ ಸರ್’ ಅಂದರೆ ಏನೂ ಉಪಯೋಗವಿಲ್ಲ. ಆದ್ದರಿಂದ ಜಾಗ ಹೇಗೆ ತುಂಬುತ್ತದೆ ಎಂಬುದನ್ನು ಮೊದಲು ತಿಳಿಯೋಣ.

ಗಣಕಯಂತ್ರಕ್ಕೆ ಗೊತ್ತಿರುವುದು 0 ಮತ್ತು 1 ಮಾತ್ರ. ಇಂಥ ಒಂದು ಅಂಕೆಗೆ ಬಿಟ್ ಎನ್ನುತ್ತಾರೆ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ ಇಂದು ಎಲ್ಲೆಡೆ ಬಳಸುವ ಯುನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ನಮ್ಮ ಊರಿನ ಹೆಸರನ್ನೇ ತಗೋರಿ. ‘ಮಂದ್ರೂಪ’ ಎಂದು ಬರೆದರೆ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಗಣಕದ ಲೆಕ್ಕದಲ್ಲಿ ಮಕಾರ, ಸೊನ್ನೆ, ದಕಾರ, ಅದರ ಒತ್ತಿಗೆ ಬೇಕಾದ ಅರ್ಧಾಕ್ಷರದ ಗುರುತು, ರಕಾರ, ದೀರ್ಘ ಊಕಾರದ ಗುರುತು, ಪಕಾರ, ಹೀಗೆ ಏಳು ಚಿಹ್ನೆ. ಮೂರೇಳ್ಲಿ 21 ಬೈಟ್. ಇಂಗ್ಲಿಷಿನಲ್ಲಿ ಬರೆದರೆ ಏಳೇ ಬೈಟ್. ಹಂಗಾದ್ರ ಕನ್ನಡ ಬರೆದದ್ದಕ್ಕೆ ಲ್ಯಾಪ್‌ಟಾಪ್ ತುಂಬಿತೇನು? ಇಲ್ಲ. ಒಂದು ಪುಟದಲ್ಲಿ 2000 ಚಿಹ್ನೆ ಇವೆ ಅಂದುಕೊಂಡರೂ 6000 ಬೈಟ್, ಅಂದರೆ ಸುಮಾರು 6 ಕೆಬಿ ಆಗುತ್ತದೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ 3-4 ಎಂಬಿ ಇರುತ್ತದೆ. ಒಳ್ಳೆಯ ಗುಣಮಟ್ಟದ ವಿಡಿಯೋ ಆದರೆ ಒಂದೇ ನಿಮಿಷಕ್ಕೆ 100 ಎಂಬಿ ದಾಟಬಹುದು. ಭಾಗಿಸಿ ನೋಡಿರಿ: ಗ್ಯಾದರಿಂಗ್‌ನಲ್ಲಿ ತೆಗೆದ ಒಂದು ನಿಮಿಷದ ಕುಣಿತದ ವಿಡಿಯೋ ಹದಿನಾರು ಸಾವಿರ ಪುಟಗಳ ಬರಹದಷ್ಟು ಜಾಗ ನುಂಗುತ್ತದೆ.

1956ರಲ್ಲಿ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಎರಡು ಅಡಿ ಅಗಲದ 50 ತಟ್ಟೆಗಳಿದ್ದ ಆ ಯಂತ್ರದ ತೂಕ ಒಂದು ಟನ್ನಿಗೂ ಮಿಕ್ಕಿ. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಫೋಟೋ ಎರಡನೆಯದು ಅದರಲ್ಲಿ ಹಿಡಿಯುವುದೇ ಕಷ್ಟ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸೋಣ. ಪೆಟ್ಟಿಗೆಯ ಮೇಲೆ 500 ಜಿಬಿ ಎಂದು ಬರೆದಿರುತ್ತದೆ, ವಿಂಡೋಸ್ 465 ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರೆಂದು ಕೆಲವರು ತಿಳಿಯುತ್ತಾರೆ. ಹಾಗೇನಿಲ್ಲ. ತಯಾರಕರ ಲೆಕ್ಕದಲ್ಲಿ ಒಂದು ಜಿಬಿ ಅಂದರೆ 100 ಕೋಟಿ ಬೈಟ್. ವಿಂಡೋಸ್ ಎಣಿಸುವುದು 1024ರಂತೆ. 1024ನ್ನು ಮೂರು ಸಲ ಗುಣಿಸಿದರೆ 107,37,41,824 ಬರುತ್ತದೆ. 500 ಜಿಬಿಯ ಬೈಟ್‌ಗಳನ್ನು ಇದರಿಂದ ಭಾಗಿಸಿರಿ, 465 ಬಂದೇ ಬರುತ್ತದೆ.

ಈಗ ಕೆಲಸಕ್ಕೆ ಬರೋಣ. ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’, ಅದರಲ್ಲಿ ‘ಸ್ಟೋರೇಜ್’ ಒತ್ತಿದರೆ ಯಾವುದು ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿ ಬರುತ್ತದೆ. ಅಲ್ಲಿರುವ ‘ಟೆಂಪರರಿ ಫೈಲ್ಸ್’ ಅಂದರೆ ಯಂತ್ರ ತನ್ನ ಕೆಲಸಕ್ಕೆ ತಾತ್ಕಾಲಿಕವಾಗಿ ಮಾಡಿಕೊಂಡ ಫೈಲುಗಳು. ಅಪ್‌ಡೇಟ್ ಆದ ಮೇಲೆ ಉಳಿದ ಹಳೆಯ ಸಾಮಾನೂ ಇಲ್ಲೇ ಇರುತ್ತದೆ, ಅದೇ ಒಮ್ಮೊಮ್ಮೆ ಹಲವು ಜಿಬಿ ಇರುತ್ತದೆ. ಇವನ್ನು ತೆಗೆದರೆ ನಷ್ಟವಿಲ್ಲ. ಆದರೆ ಒಂದು ಮಾತು ನೆನಪಿರಲಿ. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಹೆಸರೂ ಇರುತ್ತದೆ. ಅದರ ಮುಂದೆ ಟಿಕ್ ಹಾಕಿದರೆ ಇಳಿಸಿಕೊಂಡದ್ದೆಲ್ಲ ಹೋಯಿತು. ಅದನ್ನು ಕಣ್ಣು ಮುಚ್ಚಿ ಒತ್ತಬ್ಯಾಡ್ರಿ. ಡೌನ್‌ಲೋಡ್ಸ್ ಫೋಲ್ಡರನ್ನು ಬೇರೆಯಾಗಿ ತೆರೆದು, ಗಾತ್ರದ ಪ್ರಕಾರ ಜೋಡಿಸಿ, ದೊಡ್ಡದರಿಂದ ನೋಡುತ್ತ ಬರಬೇಕು. ಒಂದೇ ಪಾಠದ ವಿಡಿಯೋ ಹೆಸರಿನ ಮುಂದೆ ಕಂಸದಲ್ಲಿ 1, 2, 3 ಎಂದು ಹಚ್ಚಿಕೊಂಡು ನಾಲ್ಕು ಸಲ ಕೂತಿರುವುದು ಅಲ್ಲಿಯೇ ಸಿಗುತ್ತದೆ. ಹತ್ತು ದೊಡ್ಡ ಫೈಲ್ ತೆಗೆದರೆ ಆಗುವ ಲಾಭ ಸಾವಿರ ಸಣ್ಣ ಫೈಲ್ ತೆಗೆದರೂ ಆಗುವುದಿಲ್ಲ.

ಅಳಿಸಿದರೂ ಜಾಗ ಹೆಚ್ಚಾಗಲಿಲ್ಲವೇ? ಫೈಲು ‘ರಿಸೈಕಲ್ ಬಿನ್’ನಲ್ಲಿ ಕೂತಿರುತ್ತದೆ. ಅದನ್ನು ಖಾಲಿ ಮಾಡುವವರೆಗೂ ಡಿಸ್ಕಿನ ಜಾಗ ಬಿಡುಗಡೆಯಾಗದು. ಖಾಲಿ ಮಾಡಿದಾಗಲೂ ನಡೆಯುವುದು ವಿಚಿತ್ರ. ತಲಾಠಿಯ ಹತ್ತಿರ ಸಾತ್‌ಬಾರಾ ಉತಾರ ಇರುತ್ತದಲ್ಲ, ಹಾಗೆ ಡಿಸ್ಕಿಗೂ ಒಂದು ದಫ್ತರ ಇದೆ: ಯಾವ ಫೈಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅದರಲ್ಲಿ ಬರೆದಿರುತ್ತದೆ. ಅಳಿಸಿದಾಗ ಹೊಡೆದುಹಾಕುವುದು ಆ ದಫ್ತರದಲ್ಲಿಯ ಹೆಸರನ್ನು. ಹೊಲದಲ್ಲಿಯ ಜೋಳ ಹಾಗೆಯೇ ನಿಂತಿರುತ್ತದೆ, ಇನ್ನೊಬ್ಬರು ಬಂದು ನೇಗಿಲು ಹೊಡೆಯುವವರೆಗೆ. ಅದಕ್ಕೇ ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಪ್ಪಿ ಅಳಿಸಿದ್ದನ್ನು, ಅದರ ಮೇಲೆ ಹೊಸದನ್ನು ಬರೆಯದೆ ಇದ್ದರೆ, ಮರಳಿ ಪಡೆಯಲು ಸಾಧ್ಯವಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿರುವ ಎಸ್‌ಎಸ್‌ಡಿಯಲ್ಲಿ ಆ ಭರವಸೆ ಇಲ್ಲ. ಅಳಿಸಿದ ಜಾಗವನ್ನು ಅದು ತಾನಾಗಿಯೇ ಹಸನು ಮಾಡಿಡುತ್ತದೆ. ಪೆನ್‌ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೂ ಬರುವುದಿಲ್ಲ.

ಹಾಗಾದರೆ ಯಾವುದನ್ನು ಅಳಿಸಬೇಕು? ಗಾತ್ರ ನೋಡಿ ನಿರ್ಧರಿಸುವುದು ಅರ್ಧ ಬುದ್ಧಿ. ‘ಇದು ಮತ್ತೆಲ್ಲಿಯಾದರೂ ಸಿಗುತ್ತದೆಯೇ?’ ಎಂದು ಕೇಳುವುದು ಉಳಿದರ್ಧ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್ ಅಳಿಸಿದರೆ ಮತ್ತೆ ಇಳಿಸಿಕೊಳ್ಳಬಹುದು. ಸಿನೆಮಾ ಹಾಡೂ ಹಾಗೆಯೇ. ಆದರೆ ಪ್ರಾಜೆಕ್ಟಿಗೆಂದು ನಿಮ್ಮ ಆಯಿ ಹಾಡಿದ ಬೀಸುವ ಪದವನ್ನು ಧ್ವನಿಮುದ್ರಿಸಿದ್ದರೆ ಅದು ಜಗತ್ತಿನಲ್ಲಿ ಅದೊಂದೇ. ಭೀಮಾ ತೀರದ ನಮ್ಮ ಊರುಗಳಲ್ಲಿ ಕನ್ನಡದಲ್ಲಿ ಹಾಡುವ, ಮರಾಠಿಯಲ್ಲಿ ವ್ಯವಹಾರ ಮಾಡುವ ಹಿರಿಯರ ದನಿ ಯಾವ ಜಾಲತಾಣದಲ್ಲಿಯೂ ಸಿಗುವುದಿಲ್ಲ. ಅದರ ಗಾತ್ರವೂ ದೊಡ್ಡದಲ್ಲ. ಒಂದು ತಾಸಿನ ಧ್ವನಿ, ಸೆಕೆಂಡಿಗೆ 16,000 ಬೈಟಿನಂತೆ ಹಿಡಿದರೂ 58 ಎಂಬಿ ದಾಟದು. ಕುಣಿತದ ವಿಡಿಯೋದ ಒಂದು ನಿಮಿಷಕ್ಕಿಂತ ಕಡಿಮೆ.

ಇನ್ನೊಂದು, ಬಹಳ ಜನರಿಗೆ ಹೊಳೆಯದ ಸಂಗತಿ. ‘ಈ ಫಾಂಟ್‌ಗಳು ಯಾಕ ಬೇಕು’ ಎಂದು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳನ್ನು ತೆಗೆದುಹಾಕುವವರಿದ್ದಾರೆ. ಉಳಿಯುವುದು ಕೆಲವು ನೂರು ಕೆಬಿ ಮಾತ್ರ. ಆದರೆ ಯುನಿಕೋಡ್ ಬರುವ ಮೊದಲು ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಶಾಲೆಯ ವರದಿ, ನಾಟಕದ ಪ್ರತಿ ಎಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣತೊಡಗುತ್ತವೆ. ಆ ಫೈಲುಗಳಲ್ಲಿ ಇರುವುದು ಕನ್ನಡವಲ್ಲ, ಬೇರೆ ಸಂಕೇತಗಳು. ಅವಕ್ಕೆ ಕನ್ನಡದ ಆಕಾರ ಕೊಡುತ್ತಿದ್ದದ್ದು ಆ ಫಾಂಟ್. ಮರಾಠಿಯ ಹಳೆಯ ಫೈಲುಗಳ ಕಥೆಯೂ ಇದೇ. ಇಂಥವನ್ನು ಯುನಿಕೋಡ್‌ಗೆ ಬದಲಾಯಿಸಿಕೊಂಡರೆ ಗಾತ್ರ ತುಸು ಹೆಚ್ಚಾದೀತು, ಓದಲು ಮಾತ್ರ ಯಾವ ಯಂತ್ರದಲ್ಲಾದರೂ ಬರುತ್ತದೆ.

ಉಳಿಸಬೇಕಾದದ್ದನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಆ ನಕಲನ್ನು ತೆರೆದು, ಕೊನೆಯವರೆಗೆ ನಡೆಯುತ್ತದೆ ಎಂದು ಖಾತ್ರಿಯಾದ ಮೇಲೆಯೇ ಮೂಲವನ್ನು ತೆಗೆಯಿರಿ. ಒಂದೇ ಪೆನ್‌ಡ್ರೈವ್ ನಂಬುವಂಥದ್ದಲ್ಲ, ಎರಡು ಕಡೆ ಇರಲಿ. ಗೂಗಲ್ ಖಾತೆಯಲ್ಲಿ 15 ಜಿಬಿ ಉಚಿತ ಜಾಗವಿದೆ, ಆದರೆ ಮೇಲ್, ಫೋಟೋ, ಡ್ರೈವ್ ಮೂರೂ ಸೇರಿ ಅಷ್ಟು. ಲ್ಯಾಪ್‌ಟಾಪಿನ ಫೋಲ್ಡರನ್ನು ಅದಕ್ಕೆ ಜೋಡಿಸಿಟ್ಟಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ ಎಂಬುದನ್ನು ಮರೆಯಬೇಡಿರಿ. ಸಿ ಡ್ರೈವಿನ ‘ವಿಂಡೋಸ್’, ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರುಗಳಿಗೆ ಕೈ ಹಚ್ಚಲೇಬಾರದು. ‘ಒಂದೇ ಕ್ಲಿಕ್ಕಿನಲ್ಲಿ ಸ್ವಚ್ಛ’ ಎನ್ನುವ ಪುಕ್ಕಟೆ ತಂತ್ರಾಂಶಗಳೂ ಬೇಡ, ವಿಂಡೋಸಿನಲ್ಲಿ ಇರುವುದೇ ಸಾಕು.

ಮಾಡಿ ನೋಡಿರಿ: ನೋಟ್‌ಪ್ಯಾಡ್‌ನಲ್ಲಿ ‘ಮಂದ್ರೂಪ’ ಎಂದು ಒಂದೇ ಸಲ ಬರೆದು ಯುಟಿಎಫ್-8 ಕ್ರಮದಲ್ಲಿ ಉಳಿಸಿ, ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ನಲ್ಲಿ ‘ಸೈಜ್’ ಸಾಲನ್ನು ಓದಿರಿ. 21 ಬರಬೇಕು. 24 ಬಂದರೆ ಗಾಬರಿ ಬೇಡ, ಫೈಲಿನ ಮೊದಲಿಗೆ ಮೂರು ಬೈಟಿನ ಒಂದು ಗುರುತು ಸೇರಿರುತ್ತದೆ. ಆಮೇಲೆ ನಿಮ್ಮ ಊರಿನ ಹೆಸರಿಗೆ ಮೊದಲು ಕೈಯಿಂದ ಲೆಕ್ಕ ಹಾಕಿ, ನಂತರ ಯಂತ್ರದಲ್ಲಿ ತಾಳೆ ನೋಡಿರಿ. ಅಕ್ಕಲಕೋಟದವರಿಗೆ 24 ಬರುತ್ತದೆ, ಯಾಕೆ ಹೇಳಿರಿ? ಇನ್ನು ಅದೇ ಹೆಸರನ್ನು ನಕಲು ಮಾಡಿ ಸಾವಿರ ಸಲ ಅಂಟಿಸಿ ಉಳಿಸಿರಿ. ಆ ಫೈಲನ್ನೂ ಒಂದು ಫೋಟೋವನ್ನೂ ಬೇರೆ ಬೇರೆಯಾಗಿ ಜಿಪ್ ಮಾಡಿ ಗಾತ್ರ ಹೋಲಿಸಿರಿ. ಹೆಸರಿನ ಫೈಲು ಕುಗ್ಗಿಹೋಗುತ್ತದೆ, ಏಕೆಂದರೆ ‘ಇದನ್ನೇ ಸಾವಿರ ಸಲ’ ಎಂದು ಬರೆದಿಟ್ಟರೆ ಜಿಪ್‌ಗೆ ಸಾಕು. ಫೋಟೋ ಹೆಚ್ಚೂಕಮ್ಮಿ ಹಾಗೆಯೇ ಉಳಿಯುತ್ತದೆ. ಕ್ಯಾಮೆರಾ ಅದನ್ನು ಉಳಿಸುವಾಗಲೇ ಹಿಂಡಿ ಹಾಕಿರುತ್ತದೆ. ಎರಡೂ ಅಂಕೆಗಳನ್ನು ನಿಮ್ಮ ಪ್ರಯೋಗದ ವಹಿಯಲ್ಲಿ ಬರೆದು ವಿಜ್ಞಾನದ ಸರ್ ಅಥವಾ ಬಾಯಿಯವರಿಗೆ ತೋರಿಸಿರಿ.