ಮೀನಖಂಡ ಕೊಟ್ಟ ಸುಳಿವು

ಕಾಲುನೋವೆಂದರೆ ನಮ್ಮ ಕಡೆ ಮೊದಲು ನೆನಪಾಗುವುದು ವಾತ, ಆಮೇಲೆ ಮಂಡಿ ಸವೆತ. ರಕ್ತನಾಳ ಯಾರಿಗೂ ನೆನಪಾಗುವುದಿಲ್ಲ. ವರ್ಷಗಟ್ಟಲೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ನಮ್ಮಪ್ಪನಿಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಸಮನೆಲದಲ್ಲೇ, ಮೀನಖಂಡ ಹಿಡಿದುಕೊಳ್ಳತೊಡಗಿದಾಗ ನೆಂಟರೆಲ್ಲ ಎಣ್ಣೆ ನೀವಲು ಹೇಳಿದರು.

ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: “ನೋವು ಹೋಗೋಕೆ ನಿಂತ್ರೆ ಸಾಕಾ, ಕೂರಲೇಬೇಕಾ ಯಜಮಾನ್ರೇ?”

“ನಿಂತ್ರೆ ಸಾಕು ಡಾಕ್ಟ್ರೇ.”

ಬೆನ್ನುಹುರಿಯ ನರ ಒತ್ತಿದ ನೋವಾದರೆ ಸಾಮಾನ್ಯವಾಗಿ ಕೂರಬೇಕು, ಇಲ್ಲವೇ ಬಗ್ಗಬೇಕು. ರಕ್ತ ಸಾಲದ ಸ್ನಾಯು ಕೆಲಸ ನಿಲ್ಲಿಸಿದರೆ ಸಾಕು, ನೋವು ಇಳಿಯುತ್ತದೆ. ಅವರು ಅಪ್ಪನ ಪಾದದ ನಾಡಿ ಹುಡುಕಿದರು, ಎಡಗಾಲಲ್ಲಿ ಸಿಗಲಿಲ್ಲ. ಮೊಣಕಾಲ ಕೆಳಗೆ ರೋಮ ಉದುರಿದ್ದನ್ನೂ ಪಾದ ತಣ್ಣಗಿದ್ದುದನ್ನೂ ತೋರಿಸಿದರು. ಆಮೇಲೆ ತೋಳಿಗೊಮ್ಮೆ, ಹರಡಿಗೊಮ್ಮೆ ಬಿ.ಪಿ. ಪಟ್ಟಿ ಕಟ್ಟಿ ಅಳೆದರು. ಹರಡಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಹೆಚ್ಚು ಬರಬೇಕು. ಅಪ್ಪನದು 0.6; ಅಂದರೆ ಕಾಲಿನ ರಕ್ತನಾಳದಲ್ಲಿ ಬ್ಲಾಕ್. ಸೂಜಿಯಿಲ್ಲ, ನೋವಿಲ್ಲ; ಇಷ್ಟು ಸುಲಭದ ಪರೀಕ್ಷೆಯ ಹೆಸರನ್ನೇ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಬ್ಲಾಕ್ ಎಂದರೆ ನಲ್ಲಿಯ ಪೈಪಿನೊಳಗೆ ಪಾಚಿ ಕಟ್ಟಿದ ಹಾಗೆ ಎಂದುಕೊಳ್ಳುತ್ತೇವೆ. ಅದು ಕಟ್ಟುವುದು ನಾಳದ ಗೋಡೆಯೊಳಗೆ. ಬೀಡಿ, ಸಕ್ಕರೆ ಕಾಯಿಲೆ, ಬಿ.ಪಿ.ಗಳಿಂದ ಒಳಪದರ ಹದಗೆಡುತ್ತದೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಅದರಡಿಗೆ ನುಸುಳುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲೇ ಉಳಿಯುತ್ತವೆ. ಮೇಲೆ ನಾರಿನ ಹೊದಿಕೆ ಬೆಳೆಯುತ್ತದೆ. ಇದೇ ಪ್ಲಾಕ್. ಹೊದಿಕೆ ತೆಳುವಾಗಿ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಬಹುದು. ದೊಡ್ಡ ಬ್ಲಾಕ್ ಇಲ್ಲದವರಿಗೂ ಇದ್ದಕ್ಕಿದ್ದಂತೆ ಹೃದಯಾಘಾತವಾಗುವುದು ಹೀಗೆಯೇ.

ಕಾಲಿನಲ್ಲಿ ಪ್ಲಾಕ್ ಇದ್ದವರ ಹೃದಯದಲ್ಲೂ ಕುತ್ತಿಗೆಯ ನಾಳದಲ್ಲೂ ಅದು ಇರುವ ಸಂಭವ ಹೆಚ್ಚು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿಗೆ ಹೆದರಿ ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಸುಮ್ಮನೆ ಕೂತವರ ಇಸಿಜಿ ಸರಿಯಿದ್ದ ಮಾತ್ರಕ್ಕೆ ನಾಳ ಶುದ್ಧವೆನ್ನಲಾಗದು. ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ಚಪ್ಪಲಿ ಕಳಚಿ ಪಾದವನ್ನೂ ತೋರಿಸಬೇಕು. ಸಕ್ಕರೆಯಿಂದ ನರ ಮರಗಟ್ಟಿದವರಿಗೆ ನೋವಿನ ಸುಳಿವೂ ಸಿಗದು. ಬೆರಳ ಸಂದಿನ ಹುಣ್ಣು ಮಾಯದಿದ್ದಾಗಲೇ ಗೊತ್ತಾಗುತ್ತದೆ.

ಅಪ್ಪನಿಗೆ ಸ್ಟೆಂಟ್ ಹಾಕಲಿಲ್ಲ. ಸ್ಟ್ಯಾಟಿನ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು ಮಾತ್ರೆ. ಬೀಡಿ ಪೂರ್ತಿ ಬಂದ್. ಮತ್ತೆ ನಡಿಗೆ: ನೋವು ಜೋರಾಗುವವರೆಗೆ ನಡೆ, ನಿಲ್ಲು, ಹೋದಮೇಲೆ ಮತ್ತೆ ನಡೆ. ಹೀಗೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ ಮೂರು ದಿನ. ನೋಯುವ ಕಾಲನ್ನು ನಡೆಸುವುದು ನಮ್ಮಮ್ಮನಿಗೆ ಕ್ರೌರ್ಯವೆನಿಸಿತ್ತು. ತಿಂಗಳುಗಳು ಕಳೆದಂತೆ ಅಪ್ಪ ನಿಲ್ಲದೆ ದಾಟುವ ಕಲ್ಲುಬೆಂಚುಗಳು ಹೆಚ್ಚಾದವು. ಇರುವ ರಕ್ತದಲ್ಲೇ ಹೆಚ್ಚು ದುಡಿಯಲು ಸ್ನಾಯು ಕಲಿಯುತ್ತದಂತೆ.

ವೈದ್ಯರು ಒಂದು ಎಚ್ಚರಿಕೆಯನ್ನು ಒತ್ತಿ ಹೇಳಿದ್ದರು. ಕಾಲು ಏಕಾಏಕಿ ತಣ್ಣಗಾಗಿ, ಬಿಳಿಚಿ, ಸಹಿಸಲಾರದಷ್ಟು ನೊಂದರೆ, ಬೆರಳು ಆಡಿಸಲಾಗದಿದ್ದರೆ, ನಾಳ ಪೂರ್ತಿ ಮುಚ್ಚಿರಬಹುದು. ಕಾಲು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆ. ಬೆಳಗಾಗಲಿ ಎಂದು ಕಾಯದೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ ದೊಡ್ಡಾಸ್ಪತ್ರೆಗೆ ಹೊರಡಬೇಕು.