ಕಲ್ಪನೆ ಸುಳ್ಳೇ?



ಕಳೆದ ಮಳೆಗಾಲದಲ್ಲಿ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಎರಡು ಪುಟದ ಕಥೆ ಬರೆದು ತಂದಳು. ಕಾಫಿ ತೋಟದ ಲೈನ್ ಮನೆಯಲ್ಲಿ ಒಬ್ಬಳೇ ಇರುವ ಮುದುಕಿ ಮಗನ ಫೋನಿಗಾಗಿ ಕಾಯುವ ಕಥೆ. ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದುದರಿಂದಲೇ ನನಗೆ ಅನುಮಾನ ಬಂತು. "ಎಲ್ಲಿಂದ ನೋಡಿ ಬರೆದೆ?" ಎಂದು ತರಗತಿಯಲ್ಲೇ ಕೇಳಿಬಿಟ್ಟೆ.

"ಎಲ್ಲಿಂದಲೂ ಇಲ್ಲ ಸರ್, ನಾನೇ ಕಲ್ಪಿಸಿ ಬರೆದದ್ದು" ಎಂದಳು. ಹಿಂದಿನ ಬೆಂಚಿನಿಂದ ಯಾರೋ, "ಹಾಗಾದರೆ ಸುಳ್ಳು ಬರೆದಿದ್ದಾಳೆ ಸರ್" ಎಂದರು. ಎಲ್ಲರೂ ನಕ್ಕರು. ಪಾಠ ಮುಗಿದ ಮೇಲೆ ಅವಳು ಬಾಗಿಲ ಬಳಿ ನಿಂತು ಕೇಳಿದಳು: "ಕಲ್ಪಿಸಿ ಬರೆದರೆ ಸುಳ್ಳು ಹೇಳಿದ ಹಾಗೆ ಆಗುತ್ತದಾ ಸರ್? ಗುನಾಹ್ ಆಗುತ್ತದಾ?" ನನಗೆ ಮುಂದಿನ ತರಗತಿಯ ಅವಸರ. "ಆಮೇಲೆ ಹೇಳುತ್ತೇನೆ" ಎಂದೆ. ಆ 'ಆಮೇಲೆ' ಬರಲೇ ಇಲ್ಲ. ಅವಳು ಮತ್ತೊಂದು ಕಥೆ ತರಲೂ ಇಲ್ಲ. ಅಂದು ಕೊಡದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ಉದಾಹರಣೆಯಿಂದಲೇ ಶುರು ಮಾಡೋಣ. ಮಗ್ಗೆಯ ಸುತ್ತಮುತ್ತ ಕಾಡಾನೆಯ ಭಯ ಎಲ್ಲರಿಗೂ ಗೊತ್ತು. ಆನೆ ಎಲ್ಲಿದೆ ಎಂದು ಮೊಬೈಲಿಗೆ ಬರುವ ಸಂದೇಶ ನೋಡಿಯೇ ಎಷ್ಟೋ ಮಂದಿ ಮನೆಯಿಂದ ಹೊರಡುತ್ತಾರೆ. ಯಾರಾದರೂ ತಮಾಷೆಗೆ, "ತೋಟದ ರಸ್ತೆಯಲ್ಲಿ ಆನೆ ನಿಂತಿದೆ" ಎಂದು ಸುಳ್ಳು ಸಂದೇಶ ಕಳಿಸಿದರೆ? ಕೂಲಿಗೆ ಹೊರಟವರು ಅರ್ಧ ದಾರಿಯಿಂದ ಹಿಂತಿರುಗುತ್ತಾರೆ, ಪರೀಕ್ಷೆಗೆ ಹೊರಟ ಮಕ್ಕಳು ಬಸ್ ತಪ್ಪಿಸಿಕೊಳ್ಳುತ್ತಾರೆ. ಅದು ಸುಳ್ಳು. ಆದರೆ ನಾನು ಚಿಕ್ಕವನಾಗಿದ್ದಾಗ ನನ್ನ ದಾದಿ ಮಾತನಾಡುವ ಆನೆಯ ಕಥೆ ಹೇಳುತ್ತಿದ್ದರು. ಅದನ್ನು ಕೇಳಿ ಮನೆಯಲ್ಲಿ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಇನ್ನಷ್ಟು ಹತ್ತಿರ ಸರಿದು ಕುಳಿತೆವು.

ಎರಡರಲ್ಲೂ ಇಲ್ಲದ ಆನೆಯೇ ಇದೆ. ಆದರೆ ಸುಳ್ಳು ತಾನು ಸುಳ್ಳೆಂಬುದನ್ನು ಬಚ್ಚಿಡುತ್ತದೆ. ನಂಬಿದವನಿಗೆ ಅದರಿಂದ ನಷ್ಟ. ಕಥೆಯಾದರೋ "ನಾನು ಕಥೆ" ಎಂದು ಮೊದಲೇ ಹೇಳಿಕೊಂಡು ಬರುತ್ತದೆ. ಕರ್ಮಗಳನ್ನು ಅಳೆಯುವುದು ನಿಯ್ಯತ್ತಿನಿಂದ ಎಂದು ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದನ್ನು ನೀವೆಲ್ಲ ಚಿಕ್ಕಂದಿನಿಂದ ಕೇಳಿದ್ದೀರಿ. ಮೋಸದ ನಿಯ್ಯತ್ತು ಬೇರೆ, ತಿಳಿಸುವ ನಿಯ್ಯತ್ತು ಬೇರೆ.

ಸರಿ, ಕಲ್ಪನೆ ಸುಳ್ಳಲ್ಲ. ಆದರೆ ಅದರಿಂದ ಪ್ರಯೋಜನವೇನು? ಸಕಲೇಶಪುರದ ಬಳಿ ದೋಣಿಗಲ್‌ನಲ್ಲಿರುವ ಮಂಜರಾಬಾದ್ ಕೋಟೆಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. 1792ರ ಹೊತ್ತಿಗೆ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆಗೆ ಎಂಟು ಮೂಲೆಯ ನಕ್ಷತ್ರದ ಆಕಾರ. ಆದರೆ ಒಳಗೆ ನಿಂತವರಿಗೆ ನಕ್ಷತ್ರ ಕಾಣುವುದಿಲ್ಲ, ಗೋಡೆ ಮಾತ್ರ ಕಾಣುತ್ತದೆ. ಇಂದು ಡ್ರೋನ್ ಮೇಲೇರಿ ಆ ಆಕಾರವನ್ನು ತೋರಿಸುತ್ತದೆ. ಡ್ರೋನ್ ಇಲ್ಲದ ಕಾಲದಲ್ಲಿ, ಬರಿಯ ಗುಡ್ಡದ ತುದಿಯಲ್ಲಿ, ಅದನ್ನು ಮೊದಲು ಕಂಡದ್ದು ಮನಸ್ಸು. ಅಂದು ಯಾರೂ ಕಲ್ಪಿಸದೇ ಹೋಗಿದ್ದರೆ ಇಂದು ಮುಟ್ಟಿ ನೋಡಲು ಕಲ್ಲೂ ಇರುತ್ತಿರಲಿಲ್ಲ.

ನಮ್ಮ ಬದುಕೂ ಹಾಗೆಯೇ. ಅದರ ಒಳಗೇ ನಿಂತಿರುವ ನಮಗೆ ಅಂಕಪಟ್ಟಿ, ಮನೆಯ ಸಾಲ, ಜನರ ಮಾತು ಎಂಬ ಗೋಡೆಗಳೇ ಕಾಣುತ್ತವೆ. 'ನಾನು' ಯಾರು ಎಂದು ತಿಳಿಯಲು ಸ್ವಲ್ಪ ಮೇಲಿನಿಂದ ನೋಡಬೇಕು.

ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ಅದನ್ನೇ ಮಾಡಿದರು. 980ರಲ್ಲಿ ಬುಖಾರಾದ ಬಳಿ ಹುಟ್ಟಿದ ಅವರು ದೊಡ್ಡ ವೈದ್ಯರು, ದೊಡ್ಡ ತತ್ವಜ್ಞಾನಿ. 'ಕಿತಾಬ್ ಅಲ್ ಶಿಫಾ' ಎಂಬ ಗ್ರಂಥದಲ್ಲಿ ಅವರು ಓದುಗರಿಗೆ ಒಂದು ಕಲ್ಪನೆ ಮಾಡಿಕೊಳ್ಳಲು ಹೇಳುತ್ತಾರೆ. ಒಬ್ಬ ಮನುಷ್ಯ ಒಮ್ಮೆಲೇ ಪೂರ್ಣವಾಗಿ ಸೃಷ್ಟಿಯಾಗಿ ಶೂನ್ಯದಲ್ಲಿ ತೇಲುತ್ತಿದ್ದಾನೆ. ಕಣ್ಣಿಗೆ ಏನೂ ಕಾಣದು, ಗಾಳಿಯೂ ಸೋಕದು, ಕೈಗೆ ಕೈ ತಗಲದು. ತನಗೆ ದೇಹವಿದೆ ಎಂಬುದೂ ಅವನಿಗೆ ಗೊತ್ತಿಲ್ಲ. ಆಗಲೂ ಅವನಿಗೆ "ನಾನಿದ್ದೇನೆ" ಎಂಬ ಅರಿವು ಇರುತ್ತದೆಯೇ? ಇರುತ್ತದೆ ಎಂದರು ಇಬ್ನ್ ಸೀನಾ. ಆತ್ಮವು ದೇಹದಿಂದ ಬೇರೆ ಎಂಬುದಕ್ಕೆ ಅದೇ ಸೂಚನೆ ಎಂದರು. ಈ ವಾದವನ್ನು ಒಪ್ಪದವರೂ ಇದ್ದಾರೆ, ನೀವೂ ತರ್ಕಿಸಬಹುದು. ನಾನು ಹೇಳಬೇಕಾದದ್ದು ಇಷ್ಟು: ಅಂಥ ಮನುಷ್ಯ ಎಲ್ಲೂ ಇರಲಿಲ್ಲ. ಆದರೂ ಇಲ್ಲದ ಆ ಮನುಷ್ಯನ ಮೂಲಕ ನಿಜವಾದ ಪ್ರಶ್ನೆಯೊಂದು ನಮ್ಮ ಮುಂದೆ ಬಂತು.

ತನ್ನನ್ನು ತಿಳಿಯುವುದು ಅರ್ಧ ಪಾಠ. ಇನ್ನರ್ಧ, ಇನ್ನೊಬ್ಬರನ್ನು ತಿಳಿಯುವುದು. ತನಗೆ ಬಯಸಿದ್ದನ್ನೇ ತನ್ನ ಸಹೋದರನಿಗೂ ಬಯಸದೆ ವಿಶ್ವಾಸ ಪೂರ್ಣವಾಗದು ಎಂಬ ಬೋಧನೆ ನಿಮಗೆ ಗೊತ್ತು. ಅವನ ಜಾಗದಲ್ಲಿ ನನ್ನನ್ನು ಇಟ್ಟು ನೋಡದೆ ಅವನಿಗೇನು ಬೇಕೆಂದು ನನಗೆ ಹೇಗೆ ತಿಳಿದೀತು? ಅಲ್ಲಿ ಕಲ್ಪನೆಯೇ ಈಮಾನಿನ ಕೈಗೋಲು. ನಮ್ಮ ಹಾಸನದವರೇ ಆದ ಬಾನು ಮುಷ್ತಾಕ್ ವಕೀಲರಾಗಿದ್ದುಕೊಂಡೇ ಕಥೆ ಬರೆದವರು. ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದರು. ಆ ಸಂಕಲನ 'ಹಾರ್ಟ್ ಲ್ಯಾಂಪ್'ಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅವರ ಪಾತ್ರಗಳ ಹೆಸರನ್ನು ಯಾವ ಪಡಿತರ ಚೀಟಿಯಲ್ಲಿ ಹುಡುಕಿದರೂ ಸಿಗದು. ಆದರೆ ಆ ತಾಯಂದಿರ, ಹೆಣ್ಣುಮಕ್ಕಳ ಸಂಕಟ ಓದಿದಾಗ, "ಇದು ನಮ್ಮ ಮನೆಯದೇ" ಎನಿಸುತ್ತದೆ.

ಒಂದು ಎಚ್ಚರಿಕೆಯೂ ಬೇಕು. ಕಲ್ಪನೆ ಎಂದರೆ ಎಲ್ಲವೂ ಒಳ್ಳೆಯದಲ್ಲ. ಗುಮಾನಿಯೂ ಒಂದು ಕಲ್ಪನೆಯೇ: ಇನ್ನೊಬ್ಬರ ಬಗ್ಗೆ ನೋಡದ್ದನ್ನು ಊಹಿಸಿ ಅದನ್ನೇ ನಿಜವೆಂದು ನಂಬುವುದು. ಅತಿಯಾದ ಗುಮಾನಿಯಿಂದ ದೂರವಿರಿ ಎಂದು ಕುರ್‌ಆನ್ ಎಚ್ಚರಿಸುತ್ತದೆ. ಈಗ ಆ ದಿನದ ತರಗತಿಯನ್ನು ನೆನೆದುಕೊಳ್ಳಿ. ಆ ಹುಡುಗಿ ತಾನು ಕಾಣದ ಮುದುಕಿಯೊಬ್ಬಳ ಒಂಟಿತನವನ್ನು ಕಲ್ಪಿಸಿದಳು. ನಾನು ಅವಳು ಮಾಡದ ನಕಲನ್ನು ಕಲ್ಪಿಸಿದೆ. ಅವಳದು ಕರುಣೆಯ ಕಡೆಗೆ ಹೋಯಿತು, ನನ್ನದು ಅನುಮಾನದ ಕಡೆಗೆ. ಸುಳ್ಳು ಎಂದು ಯಾವುದನ್ನಾದರೂ ಕರೆಯಬೇಕಾದರೆ ಅದು ನನ್ನದು.

ನಿಮಗೊಂದು ಅಭ್ಯಾಸ. ಇಂದು ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲಿ ಕೂತವರ ಒಂದು ದಿನವನ್ನು ಒಂದು ಪುಟದಲ್ಲಿ ಕಲ್ಪಿಸಿ ಬರೆಯಿರಿ. ಬರೆದ ಮೇಲೆ ಕೇಳಿಕೊಳ್ಳಿ: ಇದನ್ನು ಬರೆದು ಅವರ ಮೇಲೆ ನನ್ನ ಗೌರವ ಹೆಚ್ಚಿತೇ, ಕಡಿಮೆಯಾಯಿತೇ? ಹೆಚ್ಚಿದ್ದರೆ ನಿಮ್ಮ ಕಲ್ಪನೆ ಸರಿದಾರಿಯಲ್ಲಿದೆ.

ಇನ್ನು ಲೈನ್ ಮನೆಯ ಮುದುಕಿಯ ಕಥೆ ಬರೆದವಳಿಗೆ: ನಿನ್ನ ಎರಡು ಪುಟ ನನ್ನ ಮೇಜಿನ ಖಾನೆಯಲ್ಲಿ ಭದ್ರವಾಗಿವೆ ಮಗಳೇ. ಆ ಮಗ ಕೊನೆಗೆ ಫೋನ್ ಮಾಡಿದನೇ ಇಲ್ಲವೇ ಎಂದು ನೀನು ಬರೆದಿಲ್ಲ. ನಿನಗೆ ಮನಸ್ಸಾದರೆ ಮೂರನೆಯ ಪುಟ ತಂದುಕೊಡು. ಈ ಸಲ "ಎಲ್ಲಿಂದ" ಎಂದು ಕೇಳುವುದಿಲ್ಲ. ಎಲ್ಲರ ಮುಂದೆ ಓದುತ್ತೇನೆ.